ಅಧಿಕಾರಿಗಳ ಸೋಗಿನಲ್ಲಿ ವಂಚನೆ: ನಗರದ ಹೊರವಲಯದ ನಿವಾಸಿಗಳು ತಿಳಿದಿರಬೇಕಾದದ್ದು

ಬೆಂಗಳೂರು: ‘ಕಳೆದ ತಿಂಗಳ ಬಿಲ್ ದಾಖಲಾಗಿಲ್ಲ, ಇಂದು ರಾತ್ರಿ 9.30ಕ್ಕೆ ವಿದ್ಯುತ್ ಕಡಿತಗೊಳಿಸಲಾಗುವುದು, ಕೂಡಲೇ ಅಧಿಕಾರಿಗೆ ಕರೆ ಮಾಡಿ’. 2022ರಲ್ಲಿ ಬೆಸ್ಕಾಂ ಹೆಸರಿನಲ್ಲಿ ಗ್ರಾಹಕರಿಗೆ ಬರುತ್ತಿದ್ದ ನಕಲಿ ಸಂದೇಶಗಳ ಧಾಟಿ ಇದು. ಗಾಬರಿಯಿಂದ ಕರೆ ಮಾಡಿದವರ ಮೊಬೈಲ್‌ಗೆ ದೂರದಿಂದಲೇ ಪರದೆ ನೋಡಬಲ್ಲ ಆ್ಯಪ್ ಹಾಕಿಸಿ, ಹತ್ತಾರು ರೂಪಾಯಿ ಪಾವತಿಸುವಂತೆ ಹೇಳಿ, ಆ ವೇಳೆ ಕಂಡ ಗುಪ್ತ ಸಂಖ್ಯೆಗಳಿಂದ ಬ್ಯಾಂಕ್ ಖಾತೆಯನ್ನೇ ಬರಿದು ಮಾಡುವುದು ವಂಚಕರ ತಂತ್ರ. ಇಂಥ ಸಂದೇಶಗಳನ್ನು ನಂಬಬಾರದೆಂದು ಬೆಸ್ಕಾಂ ಆಗಲೇ ಎಚ್ಚರಿಸಿತ್ತು.

ನಗರದ ಹೊರವಲಯದಲ್ಲಿ ಸೋಗಿನ ಅಧಿಕಾರಿಗಳಿಗೆ ಮತ್ತೊಂದು ಅನುಕೂಲವಿದೆ. ತಮ್ಮ ಬಡಾವಣೆ ಯಾವ ಕಚೇರಿಗೆ ಸೇರಿದೆ ಎಂಬುದೇ ಅನೇಕ ನಿವಾಸಿಗಳಿಗೆ ಸ್ಪಷ್ಟವಿಲ್ಲ. ವೈಟ್‌ಫೀಲ್ಡ್ ಕಡೆಯ ಮಹದೇವಪುರ ಹಾಗೂ ಪೀಣ್ಯ ಕಡೆಯ ದಾಸರಹಳ್ಳಿ ನಗರಸಭೆಗಳು 2007ರಲ್ಲಿ ಬಿಬಿಎಂಪಿಯಲ್ಲಿ ವಿಲೀನಗೊಂಡವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಬದಲಿಗೆ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದು, ವೈಟ್‌ಫೀಲ್ಡ್ ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಗೆ ಬಂದಿತು. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶದ ಕಥೆಯೇ ಬೇರೆ. ಅಲ್ಲಿ ಆಸ್ತಿ ತೆರಿಗೆ ವಸೂಲು ಮಾಡುವುದು ಪಾಲಿಕೆಯಲ್ಲ, 2013ರಲ್ಲಿ ರಚನೆಯಾದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ‘ಎಲ್ಸಿಟಾ’. ಹೀಗಿರುವಾಗ ‘ಹೊಸ ಪಾಲಿಕೆಯಿಂದ ಬಂದಿದ್ದೇವೆ’ ಎಂದು ಕಡತ ಹಿಡಿದು ಬಾಗಿಲಿಗೆ ಬಂದವನನ್ನು ಬಾಡಿಗೆ ಮನೆಯ ಹೊಸಬರು ಹೇಗೆ ಗುರುತಿಸಬೇಕು?

ಗುರುತಿನ ಚೀಟಿಯೊಂದನ್ನೇ ನಂಬುವಂತಿಲ್ಲ. ಅದನ್ನು ಯಾರು ಬೇಕಾದರೂ ಮುದ್ರಿಸಬಹುದು. ಬಂದವರ ಹೆಸರು, ಹುದ್ದೆ ಬರೆದುಕೊಂಡು ಸಂಬಂಧಪಟ್ಟ ಕಚೇರಿಗೆ ತಾವೇ ವಿಚಾರಿಸುವುದು ಸೂಕ್ತ. ಅವರು ಕೊಟ್ಟ ಸಂಖ್ಯೆಗೆ ಮಾತ್ರ ಕರೆ ಮಾಡಕೂಡದು. ಬೆಸ್ಕಾಂ ಸಹಾಯವಾಣಿ 1912, ಜಲಮಂಡಳಿಯದು 1916. ಆಸ್ತಿ ತೆರಿಗೆ, ಖಾತೆ ಅಥವಾ ಉದ್ದಿಮೆ ಪರವಾನಗಿಯ ಶುಲ್ಕವನ್ನು ಯಾವ ನೌಕರನ ವೈಯಕ್ತಿಕ ಯುಪಿಐ ಸಂಖ್ಯೆಗೂ ಪಾವತಿಸಬೇಕಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸಬೇಕು. ತಪಾಸಣೆಯ ಹೆಸರು ಕೇಳಿದೊಡನೆ ‘ಇಲ್ಲೇ ಮುಗಿಸಿಬಿಡೋಣ’ ಎನ್ನುವ ಅಭ್ಯಾಸವೇ ಸೋಗಿನವರಿಗೆ ಬಂಡವಾಳ.

ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುವ ಮುನ್ನ ತಡೆಹಿಡಿಯುವ ಅವಕಾಶ ಆರಂಭದ ಗಂಟೆಗಳಲ್ಲೇ ಹೆಚ್ಚು. ಬಾಗಿಲಲ್ಲೇ ಬೆದರಿಕೆ ಎದುರಾದರೆ 112ಕ್ಕೆ ಕರೆ ಮಾಡಬಹುದು. ಸರ್ಕಾರಿ ನೌಕರನ ಸೋಗು ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಅಡಿ ಅಪರಾಧವಾಗಿದ್ದು, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಲು ಅವಕಾಶವಿದೆ.