ಸ್ವಾಮಿಗಳಿಲ್ಲದ ಕಾಲದ ಕರುಮತ್ತಂಪಟ್ಟಿ



ಸೇಲಂ ಕಡೆಯಿಂದ ಕೊಯಮತ್ತೂರಿಗೆ ಬಸ್ಸಿನಲ್ಲಿ ಹೋಗುವಾಗ ಅವಿನಾಶಿ ದಾಟಿದ ಸ್ವಲ್ಪ ಹೊತ್ತಿಗೆ ಕರುಮತ್ತಂಪಟ್ಟಿ ಸಿಗುತ್ತದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಕೆಲಸಕ್ಕೆ, ಕೊಯಮತ್ತೂರಿನ ಕಾಲೇಜುಗಳಿಗೆ ಓದಲು ಹೋದವರು ಆ ಬೋರ್ಡನ್ನು ನೋಡಿರುತ್ತೀರಿ. ಅಲ್ಲಿನ ಜಪಮಾಲೆ ಮಾತೆಯ ದೇವಾಲಯದ ಅಕ್ಟೋಬರ್ ಹಬ್ಬಕ್ಕೆ ಹೋಗಿಬಂದವರೂ ನಿಮ್ಮಲ್ಲಿ ಇರಬಹುದು. ಆ ಊರಿನ ಕ್ರೈಸ್ತರ ಕಥೆ ನಮ್ಮ ಕಥೆಯ ಪಕ್ಕದ ಪುಟ.

17ನೇ ಶತಮಾನದಲ್ಲಿ ಯೇಸುಸಭೆಯ ಗುರುಗಳು ಮಧುರೆಯಿಂದ ಕೊಂಗುನಾಡಿನ ಕಡೆಗೆ, ಭವಾನಿ ನದಿಯ ದಡದ ಸತ್ಯಮಂಗಲದವರೆಗೆ ಬಂದರು. 1648ರಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಈ ಎರಡು ಸೀಮೆಗಳ ನಡುವೆ ಇದ್ದದ್ದು ಗಜಲಹಟ್ಟಿಯ ಕಣಿವೆ ದಾರಿ. ಆಮೇಲೆ 1850ರಲ್ಲಿ ಪಾಂಡಿಚೇರಿಯಿಂದ ಬೇರ್ಪಟ್ಟು ಮೈಸೂರು ಮತ್ತು ಕೊಯಮತ್ತೂರು ಒಟ್ಟಿಗೇ ಸ್ವತಂತ್ರ ವಿಕಾರಿಯೇಟುಗಳಾದವು, ಒಂದೇ ಮನೆಯ ಅಕ್ಕತಂಗಿಯರ ಹಾಗೆ. ನಮ್ಮ ಕೊಳ್ಳೇಗಾಲವಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು.

ಆ ದಿನಗಳಲ್ಲಿ ಒಬ್ಬ ಗುರುವಿಗೆ ಎಷ್ಟೋ ಹಳ್ಳಿಗಳು. ಕಾಲ್ನಡಿಗೆ ಅಥವಾ ಎತ್ತಿನ ಗಾಡಿ. ಒಂದು ಊರಿಗೆ ವರ್ಷಕ್ಕೆ ಒಂದೆರಡು ಸಲ ಸ್ವಾಮಿಗಳು ಬಂದರೆ ಅದೇ ಹೆಚ್ಚು. ಉಳಿದ ದಿನಗಳಲ್ಲಿ ಆ ಊರಿನ ಧರ್ಮಸಭೆ ಎಂದರೆ ಉಪದೇಶಿ. ಆತ ಗುರುವಲ್ಲ, ಹೆಂಡತಿ ಮಕ್ಕಳಿದ್ದ ಸಂಸಾರಿ. ಭಾನುವಾರ ಜನರನ್ನು ಸೇರಿಸಿ ಜಪ ಹೇಳಿಸುವುದು, ಮಕ್ಕಳಿಗೆ ಮಂತ್ರಗಳನ್ನು ಬಾಯಿಪಾಠ ಮಾಡಿಸುವುದು, ಸಾಯುವವರ ಪಕ್ಕ ಕೂತು ಪ್ರಾರ್ಥಿಸುವುದು, ಸ್ವಾಮಿಗಳು ಬಂದಾಗ ಯಾರ ಮನೆಯಲ್ಲಿ ಜಗಳ, ಯಾರ ಮದುವೆ ಬಾಕಿ ಎಂದು ತಿಳಿಸುವುದು ಆತನ ಕೆಲಸ. ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು ಎಂಬ ಧರ್ಮಸಭೆಯ ನಿಯಮ ಇಂದಿಗೂ ಇದೆ. ನಮಗೆ ಅದು ಪುಸ್ತಕದ ಮಾತು. ಆ ಹಳ್ಳಿಗಳಲ್ಲಿ ಅದು ಸೂಲಗಿತ್ತಿಗೂ ಗೊತ್ತಿರಬೇಕಾದ ವಿಷಯವಾಗಿತ್ತು.

ನಿಜವಾದ ಪರೀಕ್ಷೆ ಬಂದದ್ದು 18ನೇ ಶತಮಾನದಲ್ಲಿ. 1759ರಲ್ಲಿ ಪೋರ್ಚುಗಲ್ ಯೇಸುಸಭೆಯವರನ್ನು ಹೊರಹಾಕಿತು. 1773ರಲ್ಲಿ ಪೋಪರು ಇಡೀ ಸಭೆಯನ್ನೇ ರದ್ದುಮಾಡಿದರು. 1776ರಲ್ಲಿ ಪ್ಯಾರಿಸ್ ಮಿಷನ್ನಿನ ಗುರುಗಳು ಜವಾಬ್ದಾರಿ ಹೊತ್ತರೂ ಅವರು ಬೆರಳೆಣಿಕೆಯ ಜನ. ಅದೇ ಹೊತ್ತಿಗೆ ಮೈಸೂರಿಗೂ ಇಂಗ್ಲಿಷರಿಗೂ ಯುದ್ಧ. 1790ರ ಸೆಪ್ಟೆಂಬರಿನಲ್ಲಿ ಸತ್ಯಮಂಗಲದ ಬಳಿಯೇ ಕಾದಾಟ ನಡೆಯಿತು. ಸೈನ್ಯ ಹೋದ ದಾರಿಯ ಹಳ್ಳಿಗಳ ಪಾಡು ಏನು ಹೇಳುವುದು! ಹೀಗಿದ್ದೂ ಮುಂದಿನ ಶತಮಾನದಲ್ಲಿ ಗುರುಗಳು ಬಂದಾಗ ಅಲ್ಲಿ ಕ್ರೈಸ್ತರಿದ್ದರು. ಯಾರೋ ಜಪ ಹೇಳಿಸುತ್ತಲೇ ಇದ್ದರು ಎಂದಲ್ಲವೇ ಅರ್ಥ? ಗುರುಗಳ ಹೆಸರು ದಾಖಲೆಗಳಲ್ಲಿವೆ. ಈ ಜನರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಇಲ್ಲ.

ಈ ಜನರ ಬೆಲೆ ಅರಿತವರೊಬ್ಬರು ಫ್ರಾನ್ಸಿನಿಂದ ಬಂದರು. ಮೆಲ್ಕಿಯೋರ್ ದ ಮಾರಿಯೋಂ ಬ್ರೆಸಿಯಾಕ್. 1842ರಲ್ಲಿ ಪಾಂಡಿಚೇರಿಗೆ ಬಂದ ಅವರಿಗೆ 1846ರ ಅಕ್ಟೋಬರ್ 4ರಂದು ಧರ್ಮಾಧ್ಯಕ್ಷ ದೀಕ್ಷೆಯಾದದ್ದು ಇದೇ ಕರುಮತ್ತಂಪಟ್ಟಿಯಲ್ಲಿ. ಆಗ ಅವರ ವಯಸ್ಸು 32. ಅವರ ಹಟ ಒಂದೇ: ಇಲ್ಲಿನ ಧರ್ಮಸಭೆಯನ್ನು ಇಲ್ಲಿನವರೇ ನಡೆಸಬೇಕು, ಅದಕ್ಕೆ ಇಲ್ಲಿನ ಮಕ್ಕಳೇ ಗುರುಗಳಾಗಬೇಕು. 1844ರ ಪಾಂಡಿಚೇರಿ ಸಿನೋಡಿನಲ್ಲೂ ಇದೇ ಮಾತು ಬಲವಾಗಿ ಬಂದಿತ್ತು. ಸಭೆಯಲ್ಲಿ ತಲೆಯಾಡಿಸುವುದು ಸುಲಭ, ಅಲ್ಲವೇ? ಗುರುಮಠ ನಡೆಸಿ, ಹುಡುಗರನ್ನು ಓದಿಸಿ, ಅವರನ್ನು ಸಮಾನರೆಂದು ಊಟದ ಪಂಕ್ತಿಯಲ್ಲಿ ಕೂರಿಸಿಕೊಳ್ಳುವಾಗ ಜೊತೆಗಾರರಲ್ಲೇ ಹಲವರು ಹಿಂಜರಿದರು.

ತಪ್ಪೆಲ್ಲ ಬಿಳಿಯರದ್ದೇ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಭಕ್ತಾದಿಗಳೇ ಜಾತಿಯನ್ನು ದೇವಾಲಯದೊಳಗೆ ತಂದಿದ್ದರು. ಯಾರು ಎಲ್ಲಿ ಕೂರಬೇಕು, ಯಾರ ಮನೆಗೆ ಗುರು ಹೋಗಬೇಕು ಎಂಬ ಜಗಳಗಳು ಆ ಕಾಲದ ಧರ್ಮಸಭೆಯನ್ನು ಕಾಡಿದವು. ಜಾತಿ ಆಚಾರಗಳನ್ನು ಎಲ್ಲಿಯವರೆಗೆ ಒಪ್ಪಬಹುದು ಎಂಬ ಪ್ರಶ್ನೆ ಬ್ರೆಸಿಯಾಕರ ಮನಸ್ಸಾಕ್ಷಿಯನ್ನು ತುಂಬ ಕಾಡಿತು. ಕೊನೆಗೆ ಅವರು ಕೊಯಮತ್ತೂರಿನ ಹೊಣೆಯಿಂದ ಬಿಡುಗಡೆ ಕೇಳಿದರು. 1855ರಲ್ಲಿ ರೋಮ್ ಒಪ್ಪಿತು. ಸೋತು ಹೋದರು ಎಂದೇ ಅಂದು ಅನೇಕರಿಗೆ ಕಂಡಿರಬೇಕು.

ಮುಂದಿನ ವರ್ಷ, 1856ರ ಡಿಸೆಂಬರ್ 8ರಂದು, ಅವರು ಲಿಯೋನ್ ನಗರದಲ್ಲಿ ಆಫ್ರಿಕಾ ಮಿಷನ್ ಸಭೆಯನ್ನು ಸ್ಥಾಪಿಸಿದರು. 1859ರ ಮೇ ತಿಂಗಳಲ್ಲಿ ಸಿಯೆರಾ ಲಿಯೋನಿನ ಫ್ರೀಟೌನಿಗೆ ಇಳಿದ ಅವರು ಆರೇ ವಾರದಲ್ಲಿ, ಜೂನ್ 25ರಂದು, ಹಳದಿ ಜ್ವರದಿಂದ ತೀರಿಕೊಂಡರು. 2020ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಪೂಜ್ಯರೆಂದು ಘೋಷಿಸಿದರು. ಅವರ ಸಭೆಯ ಭಾರತೀಯ ಗುರುಗಳು ಇಂದು ಆಫ್ರಿಕಾದಲ್ಲಿ ಸೇವೆ ಮಾಡುತ್ತಿದ್ದಾರೆ.

ಕೊಯಮತ್ತೂರಿಗೆ ಈ ನೆಲದವರೇ ಧರ್ಮಾಧ್ಯಕ್ಷರಾದದ್ದು 1940ರಲ್ಲಿ, ಉಬಗಾರಸ್ವಾಮಿ ಬರ್ನಡೋಟ್ ಅವರು. ಬ್ರೆಸಿಯಾಕ್ ಬಿಟ್ಟುಹೋಗಿ 85 ವರ್ಷಗಳಾಗಿದ್ದವು.

ನಮ್ಮ ಧರ್ಮಕೇಂದ್ರದ ಹಿರಿಯರಲ್ಲಿ ಕೆಲವರಿಗೆ ತಮ್ಮ ಚಿಕ್ಕಂದಿನ ಉಪದೇಶಿಯ ನೆನಪು ಇನ್ನೂ ಇದೆ. ಈ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಅಜ್ಜಿಯನ್ನೋ ತಾತನನ್ನೋ ಕೇಳಿ: ನಿಮಗೆ ಜಪ ಕಲಿಸಿದವರು ಯಾರು, ಅವರ ಮನೆ ಎಲ್ಲಿತ್ತು? ಹೆಸರು ಸಿಕ್ಕರೆ ಒಂದು ಹಾಳೆಯಲ್ಲಿ ಬರೆದಿಡಿ.