ರೋಲ್‌ಬ್ಯಾಕ್ ಇಲ್ಲದ ಕೆಲಸ: ವೇರೂಳಿನ ಬಂಡೆ, ದವಡೆಯ ಮೂಳೆ

ವೇರೂಳಿನ ಸರಣಿಯ ನಡುವೆ ಹಲ್ಲಿನ ಕಥೆ ಯಾಕಪ್ಪಾ ಅಂತ ಕೇಳ್ತೀರಿ. ಕಾರಣ ಇದೆ. ರಾಷ್ಟ್ರಕೂಟರ ಒಂದನೇ ಕೃಷ್ಣ 8ನೇ ಶತಮಾನದಲ್ಲಿ ಮಾಡಿಸಿದ ಕೈಲಾಸ, ಅಂದ್ರೆ 16ನೇ ಗುಹೆ, ಕಟ್ಟಿದ ದೇವಸ್ಥಾನ ಅಲ್ಲ, ಕಡಿದದ್ದು. ಗುಡ್ಡದ ಮೇಲಿನಿಂದ ಮೂರು ಕಡೆ ಕಂದಕ ತೋಡಿ, ನಡುವೆ ಉಳಿದ ಬಂಡೆಯನ್ನು ಶಿಖರದಿಂದ ಕೆಳಕ್ಕೆ ಬಿಡಿಸಿದ್ದಾರೆ. ಹೆಚ್ಚು ಕಡಿದರೆ ವಾಪಸ್ ಅಂಟಿಸೋಕೆ ಆಗಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ರೋಲ್‌ಬ್ಯಾಕ್ ಇಲ್ಲ.

ದವಡೆಯ ಮೂಳೆಗೆ ಡ್ರಿಲ್ ಹಾಕಿ ಕೃತಕ ಬೇರು ಕೂರಿಸುವ ಡೆಂಟಲ್ ಇಂಪ್ಲಾಂಟ್ ಕೂಡ ಇದೇ ಜಾತಿಯ ಕೆಲಸ. ಮೂಳೆ ಗ್ರಾಫ್ಟ್ ಅಂತ ಇದೆ ನಿಜ, ಆದರೆ ಅದು ಇನ್ನೊಂದು ಆಪರೇಷನ್, ಇನ್ನಷ್ಟು ತಿಂಗಳು. ಈ ಕಥೆಯಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಒಂದೇ: ಸರಿಯಾದ ಲೋಹ ಮೊದಲು ಸಿಕ್ಕಿತು, ಮೂಳೆಯನ್ನೂ ರೋಗಿಯನ್ನೂ ಓದುವ ವಿದ್ಯೆ ಆಮೇಲೆ ನಿಧಾನಕ್ಕೆ ಬಂತು.

ಲೋಹ ಸಿಕ್ಕಿದ್ದು ಆಕಸ್ಮಿಕವಾಗಿ. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್, ಇವರು ಹಲ್ಲಿನ ಡಾಕ್ಟರೇ ಅಲ್ಲ, ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತೆ ಅಂತ ನೋಡಲು ಟೈಟೇನಿಯಂ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯೋಕೆ ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ಹಿಡಿದುಕೊಂಡಿತ್ತು. 1965ರಲ್ಲಿ ಅದನ್ನೇ ಮನುಷ್ಯನ ದವಡೆಗೆ ಹಾಕಿದರು. ಆ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಇಂಪ್ಲಾಂಟ್‌ಗಳು ಬಾಳಿದವು. ಆಗಿನ ಕ್ರಮದಲ್ಲಿ ಹಲ್ಲು ಜೋಡಿಸುವ ಮೊದಲು ಕೆಳದವಡೆಗೆ ಮೂರು ತಿಂಗಳು, ಮೇಲಿನದಕ್ಕೆ ಆರು ತಿಂಗಳು ಕಾಯಬೇಕಿತ್ತು.

ಓದುವ ವಿದ್ಯೆಗೆ ಬರೋಣ. 1985ರಲ್ಲಿ ಲೆಕ್‌ಹೋಮ್ ಮತ್ತು ಜಾರ್ಬ್ ದವಡೆ ಮೂಳೆಯನ್ನು ನಾಲ್ಕು ಬಗೆ ಮಾಡಿದರು: ಒಂದನೆಯದು ಬಹುತೇಕ ಗಟ್ಟಿ, ನಾಲ್ಕನೆಯದು ತೆಳು ಸಿಪ್ಪೆಯೊಳಗೆ ಸ್ಪಂಜಿನಂತೆ. ಆದರೆ ಕೈಯಲ್ಲಿದ್ದದ್ದು ಓಪಿಜಿ ಎಕ್ಸ್‌ರೇ. ಅದರಲ್ಲಿ ಮೂಳೆಯ ಎತ್ತರ ಕಾಣುತ್ತೆ, ದಪ್ಪ ಕಾಣಲ್ಲ. ಮೂರರಲ್ಲಿ ಒಂದು ಆಕ್ಸಿಸ್ಸೇ ಇಲ್ಲದ ಡೇಟಾ! ಹಲ್ಲು ಕಿತ್ತ ಜಾಗದಲ್ಲಿ ಮೊದಲ ವರ್ಷದಲ್ಲೇ ಆ ದಪ್ಪ ಹೆಚ್ಚುಕಮ್ಮಿ ಅರ್ಧ ಕರಗಬಹುದು. 1990ರ ದಶಕದ ಕೊನೆಗೆ ಇಟಲಿಯಲ್ಲಿ ಸಿಬಿಸಿಟಿ ಸ್ಕ್ಯಾನ್ ಬಂದಮೇಲೆ ಮೂರೂ ದಿಕ್ಕು ಕಂಡವು. ಕೆಳದವಡೆಯ ನರದಿಂದ ಕನಿಷ್ಠ 2 ಮಿ.ಮೀ. ದೂರ ಇರಬೇಕು ಅನ್ನೋ ಲೆಕ್ಕವನ್ನು ಈಗ ಪರದೆ ಮೇಲೆ ಅಳೀತಾರೆ. ಮೊದಲು ಮೇಲಿನ ಹಲ್ಲು ಎಲ್ಲಿ ಬರಬೇಕು ಅಂತ ಗುರುತು ಮಾಡಿ, ಅದಕ್ಕೆ ತಕ್ಕಂತೆ ಕೆಳಗಿನ ಬೇರಿನ ಜಾಗ ನಿರ್ಧಾರ. ಕೈಲಾಸದ ಹಾಗೇ, ಶಿಖರದಿಂದ ಕೆಳಕ್ಕೆ.

ಸ್ಕ್ಯಾನ್ ಮೂಳೆಯನ್ನು ಓದುತ್ತೆ, ಮನುಷ್ಯನನ್ನಲ್ಲ. ನಮ್ಮಮ್ಮನಿಗೆ ದವಡೆ ಹಲ್ಲು ಹೋಗಿ ಎಂಟು ವರ್ಷ. ನನ್ನ ರಜೆ ಹನ್ನೆರಡು ದಿನ. ಡಾಕ್ಟರು ಎಚ್‌ಬಿಎ1ಸಿ ರಿಪೋರ್ಟ್ ನೋಡಿ, "ಸಕ್ಕರೆ ಹತೋಟಿಗೆ ಬರಲಿ, ವಸಡಿನ ಚಿಕಿತ್ಸೆ ಮುಗೀಲಿ, ನಿಮ್ಮ ಮಗನ ಫ್ಲೈಟ್ ಹೋದರೆ ಹೋಗಲಿ ಬಿಡಿ" ಅಂದರು. ಅಮ್ಮ ನಕ್ಕರು, ನನಗೆ ನಗು ಬರಲಿಲ್ಲ. ಈಗ ಅನಿಸೋದು, ಆ ದಿನ ನಮಗೆ ಸಿಕ್ಕ ಒಳ್ಳೆಯ ಚಿಕಿತ್ಸೆ ಅದೇ ಮಾತು. ನಾವು ದೂರದಲ್ಲಿರೋರು ಅಪ್ಪ-ಅಮ್ಮನ ಬಾಯಿಯನ್ನೂ ಸ್ಪ್ರಿಂಟ್‌ನೊಳಗೆ ಮುಗಿಸೋಕೆ ಹೊರಡ್ತೀವಿ.

ಇನ್ನೊಂದು ವಿಷಯ. ಮೂಳೆ ಸವೆತಕ್ಕೆ ತಗೊಳ್ಳೋ ಬಿಸ್‌ಫಾಸ್ಫೊನೇಟ್ ಮಾತ್ರೆ, ಇಂಜೆಕ್ಷನ್ ದವಡೆ ಮೂಳೆ ಮಾಯದಂತೆ ಮಾಡಬಹುದು ಅಂತ ಗೊತ್ತಾಗಿದ್ದೇ 2003ರ ಹೊತ್ತಿಗೆ. "ಅದು ಮೊಣಕಾಲಿಗೆ ಕೊಟ್ಟಿದ್ದು" ಅಂತ ಹಿರಿಯರು ಹಲ್ಲಿನ ಡಾಕ್ಟರಿಗೆ ಹೇಳೋದೇ ಇಲ್ಲ. ಮಾತ್ರೆ ಡಬ್ಬದ ಫೋಟೋ ತರಿಸ್ಕೊಂಡು ಡಾಕ್ಟರಿಗೆ ಕಳಿಸಿ. ಹೊಗೆಸೊಪ್ಪಿನ ವಿಷಯ ನೀವೇ ಕೇಳಿ, ಅವರಾಗಿ ಹೇಳಲ್ಲ.

ಮುಂದಿನ ವಾರ ವಾಪಸ್ ವೇರೂಳಿಗೆ, 15ನೇ ಗುಹೆಯ ದಂತಿದುರ್ಗನ ಶಾಸನ. ದಂತಿ ಅಂದ್ರೆ ದಂತ ಇರೋ ಆನೆ. ಹಲ್ಲಿನ ಎಪಿಸೋಡ್ ಅದಲ್ಲ, ಭಯ ಬೇಡ.