ಡೆಕ್ಕನ್ ಏರ್‌ವೇಸ್: ನಿಜಾಮರ ನಾಡಿನ ವಿಮಾನ ಸಂಸ್ಥೆ
1945–1953

ರಾಯಚೂರು, ಮಾನ್ವಿ, ದೇವದುರ್ಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಸಂಸ್ಥಾನಕ್ಕೆ ತನ್ನದೇ ವಿಮಾನ ಸಂಸ್ಥೆಯೂ ಇತ್ತು. 1932ರಲ್ಲಿ ಬಸ್ ಸಂಚಾರ ಆರಂಭಿಸಿದ್ದ ನಿಜಾಮ್ ಸ್ಟೇಟ್ ರೈಲ್ವೆ, 1945ರಲ್ಲಿ ಟಾಟಾ ಏರ್‌ಲೈನ್ಸ್ ಜತೆಗೂಡಿ ಡೆಕ್ಕನ್ ಏರ್‌ವೇಸ್ ಸ್ಥಾಪಿಸಿತು. ಹೈದರಾಬಾದಿನ ಬೇಗಂಪೇಟೆ ಅದರ ನೆಲೆ.

ಡಕೋಟಾ ವಿಮಾನ
ಸಂಸ್ಥೆ ಹಾರಿಸುತ್ತಿದ್ದದ್ದು ಎರಡು ಎಂಜಿನ್‌ಗಳ ಡಕೋಟಾ (ಡಿಸಿ-3). ಮುಂದೆ ರೆಕ್ಕೆಗಳ ಕೆಳಗೆ ಎರಡು ದೊಡ್ಡ ಗಾಲಿ, ಬಾಲದಡಿ ಒಂದು ಪುಟ್ಟ ಗಾಲಿ. ಹೀಗಾಗಿ ನಿಂತ ವಿಮಾನದ ಮೂತಿ ಮೇಲಕ್ಕೆದ್ದಿರುತ್ತಿತ್ತು. ಹಿಂಬಾಗಿಲಿನಿಂದ ಒಳಬಂದ ಪ್ರಯಾಣಿಕರು ದಿಬ್ಬ ಹತ್ತಿದಂತೆ ನಡೆದು ಸೀಟು ಸೇರಬೇಕಿತ್ತು.

ಮೊದಲ ಮಹಿಳಾ ಪೈಲಟ್
ಭಾರತದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಪ್ರೇಮ್ ಮಾಥುರ್ ಅವರನ್ನು ಕೆಲಸಕ್ಕೆ ತೆಗೆದುಕೊಂಡ ಹೆಮ್ಮೆ ಈ ಸಂಸ್ಥೆಯದು. ಅವರು 1947ರಲ್ಲಿ ಪೈಲಟ್ ಪರವಾನಗಿ ಪಡೆದಿದ್ದರು.

ಮುಂದೆ
1953ರಲ್ಲಿ ದೇಶದ ವಿಮಾನಯಾನ ರಾಷ್ಟ್ರೀಕರಣಗೊಂಡಾಗ ಡೆಕ್ಕನ್ ಏರ್‌ವೇಸ್ ಸೇರಿ ಎಂಟು ಸಂಸ್ಥೆಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ಆದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಇದಕ್ಕೆಲ್ಲ ಬಹಳ ಹಿಂದೆ, 1871ರಲ್ಲಿ, ಮುಂಬೈ ಮತ್ತು ಮದ್ರಾಸ್ ರೈಲು ಹಳಿಗಳು ಕೂಡಿದ್ದು ರಾಯಚೂರಿನಲ್ಲೇ. ಸಂಚಾರದ ಇತಿಹಾಸದಲ್ಲಿ ಇಂಥ ಸ್ಥಾನ ಪಡೆದ ಈ ಊರಿನ ಮಕ್ಕಳು ತಮ್ಮ ಸೀಮೆಯ ಆಗಸದ ಚರಿತ್ರೆಯನ್ನೂ ಅರಿಯಲೇಬೇಕು.